ಅವ್ವನ ಜೋಕಾಲಿ ಹಗ್ಗ

ಹೊಸ ಹಗ್ಗದ ವಾಸನೆ ಬಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಎಪ್ಪತ್ತರ ದಶಕದಲ್ಲಿ ನಮ್ಮ ಇಂಡಿ ಊರಿನ ದೊಡ್ಡ ಬೇವಿನ ತೋಪಿಗೆ ತಂತಿಬೇಲಿ ಹಾಕಿ, ಜಾರುಬಂಡಿ, ಕಬ್ಬಿಣದ ಜೋಕಾಲಿ ನಿಲ್ಲಿಸಿ ಪಾರ್ಕು ಮಾಡಿದ್ದರು. ಪ್ರತಿ ನಾಗರಪಂಚಮಿಗೆ ಅವ್ವ ಜೋಕಾಲಿ ಕಟ್ಟುತ್ತಿದ್ದುದು ಅದೇ ಮರಗಳಿಗೆ. ಆ ವರ್ಷವೂ ಹೆಗಲಿಗೆ ಹೊಸ ಹಗ್ಗ ಹಾಕಿಕೊಂಡು, ನನ್ನ ಕೈಹಿಡಿದು ಬಂದಳು.

ಕಾವಲುಗಾರ ಗೇಟಿನಲ್ಲೇ ತಡೆದ. "ಗಿಡಕ್ಕ ಹಗ್ಗಾ ಕಟ್ಟಂಗಿಲ್ಲ ಯಕ್ಕಾ."

"ಹಂಗಾರ ಆ ಕಬ್ಬಿಣದ್ದರಾಗ ಕುಂದರ್ತೇನಿ."

"ಅದು ಹನ್ನೆರಡು ವರ್ಷದೊಳಗಿನ ಹುಡುಗೂರಿಗೆ ಅಷ್ಟ. ಬೇಕಾದ್ರ ನಿಮ್ಮ ಮಗಳು ಆಡ್ಲಿ."

ಅವ್ವನ ಮೂಗಿನ ಹೊಳ್ಳೆಗಳು ಅರಳಿದವು. "ಹನ್ನೊಂದಕ್ಕ ನನ್ನ ಲಗ್ನಾ ಮಾಡ್ಯಾರೋ. ವರ್ಷಕ್ಕ ಇದೊಂದ ದಿನಾ ಆಡಾಕ ಬಿಡ್ತಾರ. ಮತ್ತ ನಾ ಯಾವಾಗ ಆಡ್ಲಿ?"

ಅವನು ಒಳಗೆ ಹೋಗಿ ಗೇಟು ಎಳೆದುಕೊಂಡ. ಅವ್ವ ಅದೇ ಹಗ್ಗದಿಂದ ಗೇಟನ್ನು ಹೊರಗಿನಿಂದ ಬಿಗಿದು, ಗಂಟಿನ ಮೇಲೆ ಗಂಟು ಹಾಕಿದಳು.

"ಇನ್ನ ನೀನ ಆಡು," ಎಂದಳು.