ಪಟ್ಟಿ ಬಿಚ್ಚಲು ಇನ್ನೂ ಐದು ದಿನ

ಅಳು ಗೇಟಿನಿಂದಲೇ ಶುರುವಾಗಿತ್ತು. "ಎಲ್ಲಿಗಿ ಹೋದ್ಯೋ ನನ್ನಪ್ಪಾ, ಹೆಗಲ ಮ್ಯಾಲ ಹೊತ್ತು ಆಡಿಸಿದ ಅಪ್ಪಾ..." ಕಣ್ಣಿನ ದವಾಖಾನೆಯಾಗಿದ್ದ ಲಿಂಗಸುಗೂರಿನ ಹಳೇ ದಂಡಿನ ಛಾವಣಿಯ ಬಂಗಲೆಯ ಪಡಸಾಲೆಯಲ್ಲಿ, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ತಲೆ ಅಲುಗದಂತೆ ಅತ್ತಿತ್ತ ಉಸುಕಿನ ಚೀಲ ಇಡಿಸಿಕೊಂಡು ಮಲಗಿದ್ದ ಗಿರಿಯಮ್ಮನಿಗೆ ಆ ದನಿ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ನಿಜಾಮನ ಗಡಿ ದಾಟಿ, ತುಂಗಭದ್ರೆಯಾಚೆ ಇಂಗ್ರೇಜಿ ಸೀಮೆಗೆ ಕೊಟ್ಟ ಮಗಳು ಅಯ್ಯಮ್ಮ. ಎರಡು ಮಳೆಗಾಲದ ಹಿಂದೆ ಅಪ್ಪ ತೀರಿಕೊಂಡಾಗ ಹೊಳೆ ತುಂಬಿ, ಹರಿಗೋಲು ಹಾಕುವವರಿಲ್ಲದೆ ಆಚೆ ದಂಡೆಯಿಂದಲೇ ತಿರುಗಿ ಹೋಗಿದ್ದಳು. ಸಾವಾದ ಮೇಲೆ ತಾಯಿ ಮಗಳ ಮೊದಲ ಭೇಟಿ ಇದು. ಕೊರಳಿಗೆ ಬಿದ್ದು, ಸತ್ತವನ ಗುಣ ಹಾಡಿಕೊಂಡು ಇಬ್ಬರೂ ಅಳಬೇಕು. ಅಳದವರ ಕರುಳು ಕಲ್ಲಾಗಿದೆ ಎಂದೇ ಆ ಕಡೆಯ ಜನ ತಿಳಿಯುವುದು.

ಗಿರಿಯಮ್ಮ ಅಳಲು ಬಾಯಿ ತೆರೆದಳು. ಪಟ್ಟಿಯೊಳಗೆ ಕಣ್ಣು ಚುರ್ ಎಂದಿತು.

"ಖಬರ್ದಾರ್, ಗಿರಿಯಮ್ಮ!" ಕಂಪೌಂಡರ್ ಇಸ್ಮಾಯಿಲ್‌ಸಾಬ್ ಓಡಿ ಬಂದ. "ಕೆಮ್ಮಬ್ಯಾಡ, ನಗಬ್ಯಾಡ, ಅಳಬ್ಯಾಡ ಅಂತ ಹೇಳೀನಿಲ್ಲೋ?"

"ಉಸಿರಾದ್ರೂ ಬಿಡ್ಲೇನ್ರೀ?"

"ಅದಕ್ಕ ಇಜಾಜತ್ ಐತಿ. ಹನಿ ನೀರು ಬಂತಂದ್ರ ಗಾಯ ಬಿಚ್ಕೋತದ. ಹ್ವಾದ ವರ್ಷ ಮಸ್ಕಿ ಮುದುಕ ಒಬ್ಬಾಂವ ಅತ್ತು ಅತ್ತೇ ಕಣ್ಣು ಕಳ್ಕೊಂಡ."

ಕಣ್ಣಿನ ಪೊರೆ ತೆಗೆದವಳು ಸಮುದ್ರದಾಚೆಯ ಡಾಕ್ಟರಮ್ಮ. ಚಳಿಗಾಲಕ್ಕೊಮ್ಮೆ ಹಡಗು ಹತ್ತಿ ಬರುವಳು, ಬಿಡಿಗಾಸೂ ಮುಟ್ಟಳು. ತನ್ನ ಊರಿನವರು ಹಾಕಿ ಬಿಟ್ಟ ಚಾಳೀಸು ಕನ್ನಡಕಗಳನ್ನು ಪೆಟ್ಟಿಗೆ ತುಂಬ ತಂದಿದ್ದಳು. ಗಿರಿಯಮ್ಮನಿಗೊಂದು ತೆಗೆದಿಟ್ಟು, "ಹಾಕಿ ಮೊದಲು ಏನು ನೋಡೋದು?" ಎಂದು ಕೇಳಿದ್ದಳು. "ಮಗಳ ಮಾರಿ" ಎಂದಿದ್ದಳು ಗಿರಿಯಮ್ಮ. ಮದುವೆ ಮಾಡಿ ಕಳಿಸಿದ ವರ್ಷವೇ ಪೊರೆ ಕವಿದು, ಅವಳ ನೆನಪಿನಲ್ಲಿ ಉಳಿದದ್ದು ಹದಿನಾಲ್ಕರ ಹುಡುಗಿಯ ಮುಖ. ಆ ಹುಡುಗಿಗೆ ಈಗ ಎರಡು ಮಕ್ಕಳು.

"ಯವ್ವಾ!" ಅಯ್ಯಮ್ಮ ಮಂಚದ ಮೇಲೆ ಬೀಳುವಷ್ಟರಲ್ಲಿ ಗಿರಿಯಮ್ಮ ಕೈ ಅಡ್ಡ ಹಿಡಿದಳು.

"ಅಳಬ್ಯಾಡ. ಸರದು ಕುಂದ್ರು."

ಅಳು ತುಂಡಾಯಿತು. "ಅಪ್ಪನ ಮಣ್ಣಿಗಿ ಬರ್ಲಿಲ್ಲಂತ ಸಿಟ್ಟೇನಬೇ? ಮೂರು ದಿನ ದಂಡೀ ಮ್ಯಾಲ ಕುಂತಿದ್ದೆ. ಅಂಬಿಗರು ಕೈ ಮುಗುದು ಬಿಟ್ರು..."

"ಸಿಟ್ಟಲ್ಲ ಹುಚ್ಚಿ. ಅತ್ರ ಕಣ್ಣು ಹೋಗ್ತಾವಂತ. ಇನ್ನ ಐದು ದಿನ ತಡಕೊಂಡ್ರ ನಿನ್ನ ಮಾರಿ ನೋಡ್ತೀನಿ."

ಅಯ್ಯಮ್ಮ ಮಂಚದ ಅಂಚಿಗೆ ಕುಳಿತಳು. "ನಾ ಮಧ್ಯಾಹ್ನಕ್ಕ ಹೊಂಡಬೇಕವ್ವ. ತವರಿಗಿ ಸಾಲಗುಂದಕ್ಕ ಹೋದ್ರ ನೀ ಇಲ್ಲಿ ಅದೀ ಅಂದ್ರು, ಸಿಂಧನೂರಿನ ಹತ್ತಿ ಗಾಡ್ಯಾಗ ಕುಂತು ಬಂದೀನಿ. ಅವ್ರು ನಿಲ್ಲಂಗಿಲ್ಲ. ಒಬ್ಬಾಕಿ ಹ್ಯಾಂಗ ಹೊಳಿ ಮುಟ್ಲಿ?"

ಬೂಟಿನ ಸಪ್ಪಳ ಬಂದ ಕಡೆಗೆ ಗಿರಿಯಮ್ಮ ಕೈ ಜೋಡಿಸಿದಳು. "ಡಾಕ್ಟರಮ್ಮಾ, ಒಂದು ಚಣ ಬಿಚ್ರಿ. ಒಂದೇ ಚಣ."

"ಈಗ ಬಿಚ್ಚಿದರೆ, ಮುಂದೆ ಎಂದೂ ಇಲ್ಲ, ಗಿರಿಯಮ್ಮ." ಅಷ್ಟು ಹೇಳಿದ ಮೇಲೂ ಡಾಕ್ಟರಮ್ಮನ ಕೈ ಅವಳ ಪಾದದ ಮೇಲೆ ಕೊಂಚ ಹೊತ್ತು ಹಾಗೇ ಇತ್ತು.

"ಹಂಗಾರ ಬ್ಯಾರೆ ಮಾತು ಹೇಳು," ಎಂದಳು ಗಿರಿಯಮ್ಮ ಮಗಳಿಗೆ. "ಎಮ್ಮಿ ಈದೈತೇನು?"

"ಈದೈತಿ, ಹೆಣ್ಣಗರು. ರಾತ್ರೆಲ್ಲ ಒದರತೈತಿ. ನಿನ್ನ ಅಳಿಯ ಅದಕ್ಕ ನಮ್ಮತ್ತಿ ಹೆಸರು ಇಟ್ಟಾನ."

"ನಗಸಬ್ಯಾಡಲೇ, ಅದಕ್ಕೂ ಹುಕುಮಿಲ್ಲ!"

ಅಯ್ಯಮ್ಮ ಹೇಳುತ್ತ ಹೋದಳು. ಹಿರಿಯ ಮಗನ ಬಿದ್ದ ಹಲ್ಲು, ಅತ್ತೆಯ ನಶ್ಯದ ಡಬ್ಬಿ ಕೋಳಿಯ ಬುಟ್ಟಿಯಲ್ಲಿ ಸಿಕ್ಕದ್ದು, ಈ ವರ್ಷದ ಜೋಳ. ಹಬ್ಬಕ್ಕೆ ಬಂದವಳ ಹಾಗೆ ನಗುನಗುತ್ತ ಮಾತು. ಅಪ್ಪನ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ಹೊರಗೆ ಗಾಡಿ ಹೂಡಿದ ಗಂಟೆ ಸಪ್ಪಳ. "ಬರ್ತೀನವ್ವ" ಎಂದು ಅಯ್ಯಮ್ಮ ಬಾಗಿದಳು. ಗಿರಿಯಮ್ಮ ಎರಡೂ ಕೈಯಲ್ಲಿ ಆ ಮುಖ ಹಿಡಿದಳು. ಹಣೆ ಅಗಲವಾಗಿತ್ತು. ಮೂಗು ಥೇಟ್ ಅವರಪ್ಪನದು. ಬೆರಳು ಅಲ್ಲಿಯೇ ಎರಡು ಸಲ ಓಡಾಡಿತು. ಕೆನ್ನೆಗೆ ಇಳಿದಾಗ ಜಾರಿತು. ಕೆನ್ನೆ, ಗದ್ದ, ಕೊರಳು ಎಲ್ಲ ಒದ್ದೆ. ಕುಪ್ಪಸದ ಅಂಚು ತೊಯ್ದು ತೊಪ್ಪೆಯಾಗಿತ್ತು. ಇಷ್ಟು ಹೊತ್ತೂ ದನಿಯಲ್ಲಿ ಮಾತ್ರ ಒಂದು ಹನಿ ಇರಲಿಲ್ಲ.

ಗಿರಿಯಮ್ಮ ತನ್ನ ಸೆರಗಿನಿಂದ ಆ ಕೆನ್ನೆ ಒರೆಸಿದಳು.

"ನನ್ನ ಪಾಲಿಂದೂ ನೀನೇ ಅಳು, ಮಗಳ," ಎಂದಳು. "ಹೊಳಿ ತನಕ ಎರಡು ದಿನದ ದಾರಿ ಐತಿ."