ಬಾವಿ ತೋಡುವವನ ದೂರು

"ಒಂದು ತಿಂಗಳು ಭೇಟಿ ಇಲ್ಲ," ಎಂದು ಜೈಲಿನ ಸಾಹೇಬರು ಗಿರಿಜಾಳ ಅರ್ಜಿಯನ್ನು ಓದದೆಯೇ ವಾಪಸು ತಳ್ಳಿದರು. "ನಿಮ್ಮ ಗಂಡ ಅಶೋಕನಿಗೆ ಶಿಕ್ಷೆಯಾಗಿದೆ."

ಗಿರಿಜಾಳಿಗೆ ತಲೆಬುಡ ತಿಳಿಯಲಿಲ್ಲ. ಜಾಗದ ಗಲಾಟೆಯ ಕೇಸು ಇನ್ನೂ ಕೋರ್ಟಿನಲ್ಲಿದೆ, ಒಬ್ಬ ಸಾಕ್ಷಿಯ ವಿಚಾರಣೆಯೂ ಆಗಿಲ್ಲ, ಅಷ್ಟರಲ್ಲಿ ಶಿಕ್ಷೆ ಯಾವಾಗಾಯಿತು? ಬಿಜೂರಿನಿಂದ ಎರಡು ಬಸ್ಸು ಬದಲಿಸಿ, ಉರಿಬಿಸಿಲಲ್ಲಿ ಮಗಳು ರಮಿತಾಳನ್ನು ನಡೆಸಿಕೊಂಡು ಬಂದಿದ್ದಳು. ಮಗಳಿಗೆ ಎದುರಿನ ಹಲ್ಲು ಬಿದ್ದಿತ್ತು. ಅಪ್ಪನಿಗೆ ತೋರಿಸಬೇಕೆಂದು ದಾರಿಯುದ್ದಕ್ಕೂ ಆ ಸಂದನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ಎಂತಕ್ಕೆ ಶಿಕ್ಷೆ? ಅವ್ರ್ ಎಂತ ಮಾಡಿರ್?"

ಸಾಹೇಬರು ಡ್ರಾಯರಿನಿಂದ ಒಂದು ಕಾಗದ ತೆಗೆದರು. ಜೈಲಿನ ಅಂಗಳದಲ್ಲಿ ಒಂದು ಪೆಟ್ಟಿಗೆಯಿದೆ. ‘ಮಾನವ ಹಕ್ಕು ಆಯೋಗಕ್ಕೆ ದೂರು’ ಎಂದು ಅದರ ಮೇಲೆ ದೊಡ್ಡದಾಗಿ ಬರೆದಿದೆ. ಅದರ ಬೀಗದ ಕೈ ಮಾತ್ರ ಇರುವುದು ಸಾಹೇಬರ ಡ್ರಾಯರಿನಲ್ಲಿ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಆಯೋಗಕ್ಕೆಂದು ಅಶೋಕ ಹಾಕಿದ ಕಾಗದ ಗೇಟು ದಾಟಲೇ ಇಲ್ಲ, ಇಪ್ಪತ್ತು ಹೆಜ್ಜೆ ನಡೆದು ಈ ಮೇಜಿಗೆ ಬಂದು ಕೂತಿತ್ತು.

"ಕುಡಿಯುವ ನೀರು ಉಪ್ಪಂತೆ. ಕುಡಿದವರಿಗೆಲ್ಲ ಹೊಟ್ಟೆ ಕೆಟ್ಟಿದೆಯಂತೆ. ಜೈಲಿನ ಹೆಸರು ಕೆಡಿಸಲಿಕ್ಕೆ ಬರೆದ ಸುಳ್ಳು ದೂರು. ಶಿಸ್ತು ಉಲ್ಲಂಘನೆ."

"ಶಿಕ್ಷೆ ಹಾಕೂಕೆ ಮೊದ್ಲ್ ಅವ್ರ್ ಹತ್ರ ಒಂದ್ ಮಾತ್ ಕೇಂಡ್ರ್ಯಾ?"

"ಕೇಳುವುದೇನು ಬಂತು? ಅಕ್ಷರ ಅವನದೇ."

ಅಶೋಕ ಬಾವಿ ತೋಡುವವ. ಬಿಜೂರಿನಿಂದ ಕೋಟೇಶ್ವರದವರೆಗೆ ಅವನು ಇಳಿಯದ ಬಾವಿ ಕಡಿಮೆ. ಕೆಂಪು ಮುರಕಲ್ಲು ಕಡಿದು ಒರತೆ ಕಂಡಾಗ ಮೊದಲ ಬೊಗಸೆ ನೀರನ್ನು ಬಾಯಿಗೆ ಹಾಕಿ, ಸಿಹಿಯೋ ಉಪ್ಪೋ ಎಂದು ಕೆಳಗಿನಿಂದ ಕೂಗಿ ಹೇಳುವವನು ಅವನೇ. ಸಮುದ್ರದ ಬದಿಯ ಮನೆಯವರು ಅವನ ಆ ಒಂದು ಮಾತು ಕೇಳಿ ಬಾವಿ ಕಟ್ಟಿಸುತ್ತಿದ್ದರು, ಇಲ್ಲವೇ ಮುಚ್ಚಿಸುತ್ತಿದ್ದರು. ಅಂಥವನಿಗೆ ನೀರಿನ ವಿಷಯದಲ್ಲಿ ಸುಳ್ಳುಗಾರನೆಂಬ ಪಟ್ಟ!

"ನೋಡಮ್ಮ," ಸಾಹೇಬರ ಸ್ವರ ಮೆತ್ತಗಾಯಿತು. ಟೈಪು ಮಾಡಿಟ್ಟಿದ್ದ ಒಂದು ಹಾಳೆಯನ್ನು ಮುಂದೆ ಸರಿಸಿ ಪೆನ್ನು ಕೊಟ್ಟರು. "ದೂರು ಸುಳ್ಳು, ಸಿಟ್ಟಿನಲ್ಲಿ ಬರೆದದ್ದು ಅಂತ ಮನೆಯವರಾಗಿ ನೀವೊಂದು ಸಹಿ ಹಾಕಿ. ಈಗಲೇ ಗಂಡನನ್ನು ಕರೆಸುತ್ತೇನೆ. ಮಗುವೂ ನೋಡಲಿ, ಪಾಪ."

ರಮಿತಾ ಅಮ್ಮನ ಸೆರಗು ಜಗ್ಗಿದಳು. ಗಿರಿಜಾ ಮಗಳ ಮುಖ ನೋಡಿದಳು, ಹಾಳೆ ನೋಡಿದಳು.

"ಸಹಿ ಹಾಕ್ತೆ, ಅಡ್ಡಿಲ್ಲ. ಮೊದ್ಲ್ ಒಂದ್ ಲೋಟ ನೀರ್ ಕೊಡಿ."

ಬಾಗಿಲ ಬಳಿ ನಿಂತಿದ್ದ ವಾರ್ಡರ್ ಹಿರಿಯಣ್ಣ ಮೂಲೆಯಲ್ಲಿದ್ದ ನೀರಿನ ಕ್ಯಾನಿನ ಕಡೆ ಹೋದ.

"ಅದಲ್ಲ. ಒಳಗಿನೋರ್ ಕುಡೂ ನೀರ್ ಕೊಡಿ."

ಹಿರಿಯಣ್ಣ ಸಾಹೇಬರ ಮುಖ ನೋಡಿದ. ಅವರು ಏನಾದರೂ ಹೇಳುವ ಮೊದಲೇ ಒಳಗೆ ಹೋಗಿ ಲೋಟ ತುಂಬಿಸಿ ತಂದಿಟ್ಟ. ಗಿರಿಜಾ ಒಂದು ಗುಟುಕು ಕುಡಿದಳು. ಉಗುಳಲಿಲ್ಲ, ನುಂಗಿದಳು. ಆಮೇಲೆ ಲೋಟವನ್ನು ಸಾಹೇಬರ ಎದುರಿಗೆ ಸರಿಸಿದಳು.

"ನೀವೂ ಒಂದ್ ಗುಟ್ಕ್ ಕುಡ್ದ್ ಕಾಣಿ. ಸುಳ್ಳ್ ಅಂದ್ಹೇಳಿ ಇಬ್ರೂ ಒಟ್ಟಿಗೇ ಸಹಿ ಹಾಕ್ವ."

ಸಾಹೇಬರು ಲೋಟದಿಂದ ಕೈ ದೂರ ಎಳೆದುಕೊಂಡರು. "ನನಗೆ ಬಿಪಿ ಇದೆ," ಎಂದರು. "ಡಾಕ್ಟರು ಉಪ್ಪು ಮುಟ್ಟಬೇಡಿ ಅಂದಿದ್ದಾರೆ."

ಬಾಯಿಂದ ಬಿದ್ದ ಮೇಲೆ ತಾನು ಹೇಳಿದ್ದೇನೆಂದು ಅವರಿಗೇ ಹೊಳೆಯಿತು. ಹಿರಿಯಣ್ಣ ಗೋಡೆಯ ಕಡೆ ಮುಖ ತಿರುಗಿಸಿ ಕೆಮ್ಮಿದ. ಸಾಹೇಬರು ಮೇಜು ಗುದ್ದಿದರು. "ಕಚೇರಿಯಲ್ಲಿ ಅನುಚಿತ ವರ್ತನೆ! ಭೇಟಿ ಎರಡು ತಿಂಗಳು ಬಂದ್!" ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಾತಾಡಿದ್ದು ಹೆಂಡತಿ, ಶಿಕ್ಷೆ ಗಂಡನಿಗೆ.

ಗಿರಿಜಾ ಪೆನ್ನು ಮೇಜಿನ ಮೇಲಿಟ್ಟು, ಮಗಳ ಕೈ ಹಿಡಿದು ಹೊರಗೆ ಬಂದಳು. ಬಸ್ಸಿನ ದಾರಿ ಹಿಡಿಯದೆ ಜೈಲಿನ ಗೋಡೆಯ ಬುಡಕ್ಕೆ ಹೋಗಿ ನಿಂತಳು. ಗಂಡನ ಹೆಸರು ಹಿಡಿದು ಕರೆದು ಅವಳಿಗೆ ರೂಢಿಯಿಲ್ಲ. ಮನೆಯಲ್ಲಿ ಹಿತ್ತಲಿನಿಂದ ಕರೆಯುವ ಹಾಗೆಯೇ ಕರೆದಳು.

"ಹ್ವಾಯ್! ಹೆಣ್ಣಿಗೆ ಎದ್ರ್ ಹಲ್ಲ್ ಬಿದ್ದಿತ್! ನೀರ್ ಉಪ್ಪೇ, ನಾನೂ ಕುಡ್ದ್ ಕಂಡೆ! ಸಾಯ್ಬ್ರಿಗೆ ಬಿಪಿ ಅಂಬ್ರ್, ಅದ್ನ್ ಕುಡೂಕಾತಿಲ್ಲೆ ಅಂಬ್ರ್!"

ಗೋಡೆಯ ಆಚೆ ಬಾವಿಯ ತಳದಿಂದ ಬಂದಂತೆ ಒಂದು ನಗು ಕೇಳಿತು.

"ಅಮ್ಮ, ಅದ್ ಅಪ್ಪಯ್ಯ!" ರಮಿತಾ ಕುಣಿದಳು. ಅಷ್ಟರಲ್ಲಿ ಇಡೀ ಬ್ಯಾರಕ್ಕೇ ನಗತೊಡಗಿತ್ತು.

ಕಚೇರಿಯಲ್ಲಿ ಸಾಹೇಬರು ಶಿಕ್ಷೆಯ ರಿಜಿಸ್ಟರ್ ಬಿಚ್ಚಿ ಕೂತರು. "ಹಿರಿಯಣ್ಣ, ಯಾರ್ಯಾರು ನಕ್ಕರು? ಒಬ್ಬೊಬ್ಬರದೇ ಹೆಸರು ಹೇಳು."

ಹಿರಿಯಣ್ಣ ಟೋಪಿ ತೆಗೆದು ಮೇಜಿನ ಮೇಲೆ, ಆ ಉಪ್ಪು ನೀರಿನ ಲೋಟದ ಪಕ್ಕ ಇಟ್ಟ.

"ಬರ್ಕಣಿ ಸರ್," ಎಂದ. "ಮೊದ್ಲ್ ನನ್ ಹೆಸ್ರ್."