ಇಳಿಸಿದ ಶ್ರುತಿ

ಮೇಲಿನ ಸ್ವರಕ್ಕೆ ಹೋಗುತ್ತಲೇ ಅನಸವ್ವನ ದನಿ ಒಡೆಯಿತು. ಭಜನೆಯ ಪದವನ್ನು ಅರ್ಧಕ್ಕೇ ಬಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ನನ್ನ ದನಿ ಹೋತಪಾ. ಸೋಮವಾರದ ಭಜನಿಗೆ ಇನ್ನ ಅನಸವ್ವ ಬರಂಗಿಲ್ಲಂತ ಹೇಳಿಬಿಡು.”

ಮಗ ಪ್ರಭುಲಿಂಗನ ಬೆರಳುಗಳು ಸಿಂಥಸೈಜರಿನ ಮಣೆಗಳ ಮೇಲೇ ನಿಂತವು. ಅಪ್ಪನ ಕಾಲದ ಆ ಹಳೇ ಪೆಟ್ಟಿಗೆಯನ್ನು ಮಗ್ಗದ ಕೋಣೆಯಲ್ಲಿ ಬಿಚ್ಚಿ, ಕೆಟ್ಟ ಬಿಡಿಭಾಗ ಬದಲಿಸಿ, ಮೊಬೈಲು ನೋಡಿಕೊಂಡು ಶ್ರುತಿಯನ್ನು ಸರಿಯಾದ ಮಟ್ಟಕ್ಕೆ ಏರಿಸಿ, ಆಗಷ್ಟೇ ಬೀಗಿದ್ದ. ಈಗ ಹೊಳೆಯಿತು: ಪೆಟ್ಟಿಗೆಯ ಶ್ರುತಿ ವರ್ಷವರ್ಷವೂ ಎಳೆ ಎಳೆಯಷ್ಟೇ ಇಳಿಯುತ್ತ ಬಂದಿತ್ತು, ವಯಸ್ಸಾಗುತ್ತಿದ್ದ ಅವ್ವನ ದನಿಯೂ ಅದರ ಜೊತೆಗೇ ಇಳಿದಿತ್ತು. ಅವಳಿಗದು ಗೊತ್ತೇ ಆಗಿರಲಿಲ್ಲ.

“ನಿನ್ನ ದನಿಗೇನಾಗೈತಿ ಬೇ? ಪೆಟಿಗಿ ಇನ್ನೂ ಸರಿ ಆಗಿಲ್ಲ, ತಡಿ,” ಎಂದವನೇ ಒಳಗಿನ ಶ್ರುತಿಯ ತಿರುಪನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದ. “ಈಗ ಹಾಡು.”

ಅನಸವ್ವ ಅನುಮಾನದಿಂದಲೇ ಎತ್ತಿಕೊಂಡಳು. ಮೇಲಿನ ಸ್ವರ ಮುಟ್ಟಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ನಗುತ್ತ ಇಳಿದಳು. “ರಿಪೇರಿ ಬರದಿದ್ರ ಬರೂದಿಲ್ಲ ಅನ್ನಬೇಕಪಾ! ಸುಮ್ಮನ ನನ್ನ ದನಿ ಮ್ಯಾಲ ಹಾಕಾಕತ್ತಿದ್ದಿ.”

“ಬರೂದಿಲ್ಲ ಬೇ,” ಎನ್ನುತ್ತ ಪ್ರಭುಲಿಂಗ ಮುಚ್ಚಳಕ್ಕೆ ಸ್ಕ್ರೂ ಬಿಗಿದ.